ಕರ್ನಾಟಕದ ಕಾಫಿ: ತಳಿ, ನೆಲ ಮತ್ತು ರುಚಿಯ ಚರಿತ್ರೆ

ಕರ್ನಾಟಕದ ಕಾಫಿಯ ಚರಿತ್ರೆ ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದಿಂದ ಮೊದಲಾಗುತ್ತದೆ. 17ನೇ ಶತಮಾನದಲ್ಲಿ ಸೂಫಿ ಸಂತ ಬಾಬಾಬುಡನ್ ಹಜ್ ಯಾತ್ರೆ ಮುಗಿಸಿ ಬರುವಾಗ ಯೆಮನ್‌ನ ಮೋಕಾದಿಂದ ಏಳು ಬೀಜ ತಂದು ಇಲ್ಲಿ ಬಿತ್ತಿದರೆಂಬ ಪ್ರತೀತಿಯಿದೆ. ಬಹುಕಾಲ ಹಿತ್ತಲ ಬೆಳೆಯಾಗಿಯೇ ಉಳಿದಿದ್ದ ಕಾಫಿ, 19ನೇ ಶತಮಾನದಲ್ಲಿ ಯುರೋಪಿಯನ್ ಪ್ಲಾಂಟರುಗಳ ತೋಟಗಳ ಮೂಲಕ ಸಕಲೇಶಪುರದ ಸೀಮೆಗೂ ಕೊಡಗಿಗೂ ಹಬ್ಬಿತು.

ತಳಿಗಳನ್ನು ಬದಲಾಯಿಸಿದ್ದು ರೋಗಗಳು. ಹಳೆಯ 'ಚಿಕ್' ತಳಿಯನ್ನು ಕಾಂಡಕೊರಕ ಹುಳು ಹಾಳುಮಾಡಿತು; ಅದರ ಜಾಗಕ್ಕೆ ಬಂದ 'ಕೂರ್ಗ್' ತಳಿ ಎಲೆ ತುಕ್ಕು ರೋಗಕ್ಕೆ ಸೋತಿತು. 1869ರಲ್ಲಿ ಸಿಲೋನಿನಲ್ಲಿ ಕಾಣಿಸಿಕೊಂಡ ಇದೇ ತುಕ್ಕು ಅಲ್ಲಿನ ಕಾಫಿ ತೋಟಗಳನ್ನೇ ಅಳಿಸಿಹಾಕಿತು. 20ನೇ ಶತಮಾನದ ಆರಂಭದಲ್ಲಿ ಮೂಡಿಗೆರೆ ಸೀಮೆಯ ತೋಟದಲ್ಲಿ ಕೆಂಟ್ ಎಂಬ ಪ್ಲಾಂಟರ್ ಆರಿಸಿದ ಗಿಡದಿಂದ 'ಕೆಂಟ್ಸ್' ತಳಿ ಬಂತು. ಕಾಲಕ್ರಮದಲ್ಲಿ ತುಕ್ಕು ಅದನ್ನೂ ಹಿಡಿಯಿತು.

ಮೈಸೂರು ಸರ್ಕಾರ 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಸಂಶೋಧನಾ ಕೇಂದ್ರ ತೆರೆಯಿತು. ಅರೇಬಿಕಾ ಮತ್ತು ಲೈಬೀರಿಕಾ ಬೆರೆತ ಮೂಲದ ಎಸ್. 288ನ್ನು ಕೆಂಟ್ಸ್ ಜೊತೆ ಸಂಕರಿಸಿ ಅಲ್ಲಿ ಪಡೆದ ಎಸ್. 795 ತಳಿ 1940ರ ದಶಕದಲ್ಲಿ ಬೆಳೆಗಾರರ ಕೈಸೇರಿತು. ರೋಗ ತಡೆಯುವ ಶಕ್ತಿಯೊಂದಿಗೆ ಕೆಂಟ್ಸ್‌ನ ರುಚಿಯೂ ಅದರಲ್ಲಿ ಉಳಿಯಿತು. ಈ ಕೇಂದ್ರದ ದೊಡ್ಡ ಸಾಧನೆಯೇ ಇದು.

ರುಚಿಯನ್ನು ನಿರ್ಧರಿಸುವುದರಲ್ಲಿ ನೆಲದ ಎತ್ತರಕ್ಕೂ ಪಾಲಿದೆ. ಸುಮಾರು 1,000 ಮೀಟರಿಗಿಂತ ಎತ್ತರದ ಬಾಬಾಬುಡನ್‌ಗಿರಿ, ಬಿಳಿಗಿರಿರಂಗನ ಬೆಟ್ಟಗಳಲ್ಲಿ ತಂಪಿಗೆ ಹಣ್ಣು ನಿಧಾನವಾಗಿ ಮಾಗುತ್ತದೆ. ಅಲ್ಲಿನ ಅರೇಬಿಕಾಕ್ಕೆ ಹಿತವಾದ ಹುಳಿ, ಒಳ್ಳೆಯ ಘಮ. ಬಾಬಾಬುಡನ್‌ಗಿರಿಯ ಕಾಫಿಯಲ್ಲಿ ಚಾಕೊಲೇಟಿನ ಛಾಯೆಯೂ ಉಂಟು. ಕೊಡಗಿನ ತಗ್ಗು ತೋಟಗಳಲ್ಲಿ ರೋಬಸ್ಟಾ ಹೆಚ್ಚು. ಅದರಲ್ಲಿ ಹುಳಿ ಕಡಿಮೆ, ಕಹಿ ಮತ್ತು ಕೆಫೀನ್ ಹೆಚ್ಚು. ಫಿಲ್ಟರ್ ಕಾಫಿಯ ಡಿಕಾಕ್ಷನ್ ಗಟ್ಟಿಯಾಗಿ ಇಳಿಯಲೆಂದು ಅರೇಬಿಕಾಕ್ಕೆ ಇದನ್ನು ಬೆರೆಸುವುದುಂಟು.

ಕರಾವಳಿಯ ಮಾನ್ಸೂನ್ಡ್ ಮಲಬಾರ್ ಕಾಫಿಯ ರುಚಿಗೆ ಕಾರಣ ಸಮುದ್ರದ ಗಾಳಿ. ಹಾಯಿಹಡಗುಗಳು ಆಫ್ರಿಕಾವನ್ನು ಸುತ್ತಿ ಯುರೋಪು ತಲುಪಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ದಾರಿಯುದ್ದಕ್ಕೂ ಸಮುದ್ರದ ಗಾಳಿಯ ತೇವಕ್ಕೆ ಬೀಜ ಉಬ್ಬಿ ಹಳದಿಗೆ ತಿರುಗಿ, ಹುಳಿ ಕಳೆದುಕೊಳ್ಳುತ್ತಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು, ಉಗಿಹಡಗುಗಳು ಬಂದ ಮೇಲೆ ಪಯಣದ ಅವಧಿ ತಗ್ಗಿತು; ಆ ರುಚಿಗೆ ಒಗ್ಗಿದ್ದ ಗ್ರಾಹಕರಿಗೆ ಹೊಸ ಸರಕು ಹಿಡಿಸಲಿಲ್ಲ. ಅದನ್ನು ಮರಳಿ ಪಡೆಯಲು ಮಂಗಳೂರಿನಂಥ ಕರಾವಳಿ ಊರುಗಳ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಇಂದಿಗೂ ಮಳೆಗಾಲದಲ್ಲಿ ಬೀಜವನ್ನು ಗಾಳಿಯಾಡುವ ಗೋದಾಮಿನ ನೆಲದ ಮೇಲೆ ಹರಡಿ, ಆಗಾಗ ಕೈಯಾಡಿಸಿ, ಆಮೇಲೆ ಗೋಣಿಚೀಲಗಳಲ್ಲಿ ಸಡಿಲವಾಗಿ ತುಂಬಿ, ನಡುವೆ ಗಾಳಿಗೆ ಹಾದಿ ಬಿಟ್ಟು ಪೇರಿಸಿಡುತ್ತಾರೆ.

ಊರೂರಿನ ಈ ಭೇದಗಳಿಗೆ ಈಗ ಕಾನೂನಿನ ಮಾನ್ಯತೆಯೂ ಇದೆ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಭಾರತದ ಐದು ಕಾಫಿಗಳಲ್ಲಿ ಕೊಡಗು, ಚಿಕ್ಕಮಗಳೂರು ಮತ್ತು ಬಾಬಾಬುಡನ್‌ಗಿರಿಯ ಅರೇಬಿಕಾಗಳು, ಹೀಗೆ ಮೂರು ಕರ್ನಾಟಕದವು.