ಭಾನುವಾರ ಯಾರು ಕೊಟ್ಟದ್ದು?

ದೇಹೂ ರೋಡ್ ಎಂದೊಡನೆ ಊರಿನವರು "ತುಕಾರಾಮರ ದೇಹುವಾ?" ಎಂದು ಕೇಳುತ್ತಾರೆ. ಅಲ್ಲ. ತುಕಾರಾಮರ ದೇಹು ಇಂದ್ರಾಯಣಿ ದಂಡೆಯ ಮೇಲಿದೆ. ದೇಹೂ ರೋಡ್ ಅಲ್ಲಿಗೆ ಹೋಗುವವರು ಇಳಿಯುವ ರೈಲು ನಿಲ್ದಾಣ, ಅದರ ಸುತ್ತ ಬೆಳೆದ ಸೇನಾ ಡಿಪೋ ಮತ್ತು ದಂಡುಪ್ರದೇಶ. ಇಲ್ಲಿ ನೆಲೆಸಿದವರಲ್ಲಿ ಬಹುಪಾಲು ಹೊರಗಿನಿಂದ ಬಂದವರ ಮಕ್ಕಳು, ಮೊಮ್ಮಕ್ಕಳು. ಬಜಾರಿನಲ್ಲಿ ಮರಾಠಿಯಷ್ಟೇ ಸಲೀಸಾಗಿ ತಮಿಳು, ತೆಲುಗು, ಮಲಯಾಳ ಕೇಳಿಸುತ್ತವೆ. ಹಿಂಜವಡಿಯ ಕೆಲಸಕ್ಕೆಂದು ಬಂದ ನಾನು ಇಲ್ಲಿ ಮನೆ ಹಿಡಿದದ್ದು ಬಾಡಿಗೆ ಕಡಿಮೆ ಎಂಬ ಕಾರಣಕ್ಕೆ. ಊರು ಹಿಡಿಸಿದ್ದು ಆಮೇಲೆ.

ನಮ್ಮಂಥವರು ಪರಸ್ಥಳದಲ್ಲಿ ಬೇರು ಬಿಡುವುದು ವಾರದ ಕೂಟಗಳಿಂದ. ಭಜನೆ, ನಾಟಕದ ತಾಲೀಮು, ಪುಸ್ತಕ ಓದು, ಕೊನೆಗೆ ಕ್ರಿಕೆಟ್ ಆದರೂ ಸರಿ. ವರ್ಷಕ್ಕೊಮ್ಮೆ ಬರುವ ರಾಜ್ಯೋತ್ಸವದಲ್ಲಿ ಮುಖ ನೋಡುತ್ತೇವೆ, ವಾರವಾರ ಸೇರಿದಾಗ ಹೆಸರು ಕಲಿಯುತ್ತೇವೆ. ಆದರೆ ಹೀಗೆ ಸೇರಬೇಕಾದರೆ ಮೊದಲು ವಾರಕ್ಕೊಂದು ಬಿಡುವಿನ ದಿನ ಬೇಕಲ್ಲ? ಅದು ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದರೆ ಕಥೆ ಮುಂಬೈಯ ಗಿರಣಿಗಳಿಗೆ ತಲುಪುತ್ತದೆ.

ನಾರಾಯಣ ಮೇಘಾಜಿ ಲೋಖಂಡೆ (1848–1897) ಜ್ಯೋತಿಬಾ ಫುಲೆಯವರ ಒಡನಾಡಿ, 'ದೀನಬಂಧು' ಪತ್ರಿಕೆಯ ಸಂಪಾದಕ. ಆ ಕಾಲದಲ್ಲಿ ಗಿರಣಿ ಕಾರ್ಮಿಕರಿಗೆ ವಾರದ ರಜೆ ಎಂಬುದೇ ಇರಲಿಲ್ಲ. 1884ರಲ್ಲಿ ಲೋಖಂಡೆಯವರು ಸುಮಾರು 5,500 ಕಾರ್ಮಿಕರ ಸಹಿ ಇದ್ದ ಮನವಿಯನ್ನು ಫ್ಯಾಕ್ಟರಿ ಆಯೋಗಕ್ಕೆ ಕೊಟ್ಟರು. ಭಾನುವಾರ ಪೂರ್ತಿ ವಿಶ್ರಾಂತಿ ಬೇಕು ಎಂಬುದು ಅದರ ಬೇಡಿಕೆಗಳಲ್ಲಿ ಒಂದು. ಸುಲಭವಾಗಿ ಆಗುವ ಕೆಲಸವಲ್ಲ. ಮತ್ತೆ ಆರು ವರ್ಷ ಹಿಡಿಯಿತು. 1890ರ ಏಪ್ರಿಲ್ 24ರಂದು ಮಹಾಲಕ್ಷ್ಮಿಯ ಬಯಲಿನಲ್ಲಿ ಸುಮಾರು ಹತ್ತು ಸಾವಿರ ಕಾರ್ಮಿಕರು ಸೇರಿದರು. ಜೂನ್ 10ರಂದು ಗಿರಣಿ ಮಾಲೀಕರ ಸಂಘ ಭಾನುವಾರದ ರಜೆಗೆ ಒಪ್ಪಿತು. ಮರುವರ್ಷ, 1891ರ ಫ್ಯಾಕ್ಟರಿ ಕಾಯ್ದೆಯಲ್ಲಿ ವಾರದ ರಜೆ ಸೇರಿತು.

ಭಾನುವಾರವನ್ನು ಬ್ರಿಟಿಷರು ಚರ್ಚಿಗೆಂದು ತಂದರು ಎಂದೇ ನಾವು ತಿಳಿದಿರುತ್ತೇವೆ. ಕಚೇರಿಗಳ ಮಟ್ಟಿಗೆ ಅದು ನಿಜವಿರಬಹುದು. ಆದರೆ ಭಾನುವಾರ ಖಂಡೋಬನ ದಿನವೂ ಹೌದು, ಲೋಖಂಡೆಯವರು ಆ ವಾದವನ್ನೂ ಮುಂದಿಟ್ಟಿದ್ದರು ಎನ್ನುತ್ತಾರೆ. ಜೇಜುರಿಯ ಖಂಡೋಬ ಬೇರೆ ಯಾರೂ ಅಲ್ಲ, ನಮ್ಮ ಮೈಲಾರಲಿಂಗ. ಜೇಜುರಿ ಬೆಟ್ಟದಲ್ಲಿ ಭಂಡಾರ ಎರಚುತ್ತ ಮರಾಠಿ ಭಕ್ತರು ಕೂಗುವ "ಯೇಳಕೋಟ್" ನಮ್ಮ ಮೈಲಾರದ, ದೇವರಗುಡ್ಡದ "ಏಳುಕೋಟಿ"ಯೇ. ಕುರುಬರೂ ಧನಗರರೂ ಹೊತ್ತು ತಿರುಗಿದ ದೇವರು ಗಿರಣಿಯ ಬಾಗಿಲಿಗೂ ಬಂದು ನಿಂತ ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ.

ಸಿಕ್ಕ ಬಿಡುವಿನ ದಿನವನ್ನು ಜನ ಏನು ಮಾಡಿಕೊಂಡರು ಎಂಬುದಕ್ಕೆ ದೇಹೂ ರೋಡಿನಲ್ಲೇ ಒಂದು ಸಾಕ್ಷಿಯಿದೆ. 1954ರ ಡಿಸೆಂಬರ್ 25, ಕ್ರಿಸ್‌ಮಸ್ ದಿನ. ಡಾ. ಬಾಬಾಸಾಹೇಬ್ ಅಂಬೇಡ್ಕರ್ ಇಲ್ಲಿ ಬುದ್ಧನ ಮೂರ್ತಿಯನ್ನು ಪ್ರತಿಷ್ಠಾಪಿಸಿದರು. ಮೂರ್ತಿ ಬಂದದ್ದು ರಂಗೂನಿನಿಂದ. ಅದೇ ತಿಂಗಳು ಅಲ್ಲಿನ ಬೌದ್ಧ ಸಮ್ಮೇಳನಕ್ಕೆ ಹೋಗಿಬಂದಿದ್ದ ಅವರು, ಸಾಮಾನ್ಯ ಜನರಿಗೆ ತಿಳಿಯುವಂತೆ ಬೌದ್ಧಧರ್ಮದ ಬಗ್ಗೆ ಪುಸ್ತಕ ಬರೆಯುತ್ತಿರುವುದಾಗಿ ಇಲ್ಲಿ ಹೇಳಿದರು. ನಾಗಪುರದ ದೀಕ್ಷೆಗೆ ಇನ್ನೂ ಸುಮಾರು ಎರಡು ವರ್ಷವಿತ್ತು. ಊರಿನ ಗುಡಿಗಳು ಒಳಗೆ ಬಿಟ್ಟುಕೊಳ್ಳದ ಜನಕ್ಕೆ ಒಟ್ಟಿಗೆ ಕೂರಲು ತಮ್ಮದೇ ಒಂದು ಜಾಗವಾಯಿತು. ಇಂದಿಗೂ ಡಿಸೆಂಬರ್ 25ಕ್ಕೆ ಇಲ್ಲಿ ಜನ ಸೇರುತ್ತಾರೆ.

ಇಲ್ಲಿಂದ ಲೋಕಲ್ ಹತ್ತಿ ಶಿವಾಜಿನಗರದಲ್ಲಿ ಇಳಿದರೆ ಫರ್ಗ್ಯುಸನ್ ಕಾಲೇಜು ಹತ್ತಿರ. ಅಲ್ಲಿನದು ಇನ್ನೊಂದು ಬಗೆಯ ವಲಸಿಗರ ಕಥೆ. ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಸ್. ಬಿ. ಮುಜುಂದಾರರು ಆ ಕಾಲೇಜಿನ ಹಾಸ್ಟೆಲಿನ ಮೇಲ್ವಿಚಾರಕರೂ ಆಗಿದ್ದರು. ಹುಟ್ಟಿದ್ದು ನಮ್ಮ ಗಡಿಗೆ ತಾಗಿದ ಗಡಹಿಂಗ್ಲಜದಲ್ಲಿ. ಒಬ್ಬ ಹುಡುಗಿ ಹುಡುಗರ ಹಾಸ್ಟೆಲಿನ ಕಿಟಕಿಯೊಂದರ ಬಳಿ ಬಂದು ಏನನ್ನೋ ಕೊಟ್ಟು ಹೋಗುವುದನ್ನು ಕಂಡು ಅವರು ವಿಚಾರಿಸಿದರಂತೆ. ಒಳಗೆ ಮಾರಿಷಸ್‌ನಿಂದ ಓದಲು ಬಂದ ಹುಡುಗ ಕಾಮಾಲೆಯಿಂದ ಮಲಗಿದ್ದ. ನೋಡಿಕೊಳ್ಳುವವರಿಲ್ಲ. ಆಕೆ ತರುತ್ತಿದ್ದದ್ದು ಊಟ. ವಿದೇಶಿ ವಿದ್ಯಾರ್ಥಿಗಳು ನಮ್ಮ ನಡುವೆಯೇ ಇದ್ದೂ ಎಷ್ಟು ಒಂಟಿ ಎಂದು ಅವರಿಗೆ ಅರಿವಾದದ್ದು ಆಗ. 1971ರಲ್ಲಿ ಭಾರತೀಯ ಮತ್ತು ವಿದೇಶಿ ವಿದ್ಯಾರ್ಥಿಗಳನ್ನು ಒಂದೆಡೆ ಸೇರಿಸುವ ಸಾಂಸ್ಕೃತಿಕ ಕೇಂದ್ರವೊಂದನ್ನು ಅವರು ಶುರುಮಾಡಿದರು. ಹೆಸರು ಸಸ್ಯಶಾಸ್ತ್ರದ ಪಾಠದಿಂದಲೇ ಬಂತು: ಸಿಂಬಯೋಸಿಸ್, ಅಂದರೆ ಸಹಜೀವನ. ಇಂದು ದೊಡ್ಡ ವಿಶ್ವವಿದ್ಯಾಲಯವಾಗಿ ಬೆಳೆದಿರುವ ಆ ಸಂಸ್ಥೆಯ ಮೊದಲ ಉದ್ದೇಶ ಜನರನ್ನು ಪರಿಚಯಿಸುವುದಾಗಿತ್ತು. ಕಾನೂನು ಕಾಲೇಜು ಬಂದದ್ದು 1977ರಲ್ಲಿ.

ಯುರೋಪಿನಲ್ಲಿ ಓದುತ್ತಿರುವ ನಮ್ಮ ಓದುಗರಿಗೆ ಇಂಥ ಕೂಟಗಳು ಹೊಸತಲ್ಲ. ನಾರ್ವೆಯ ಟ್ರೋನ್‌ಹೈಮ್‌ನಲ್ಲಿ 1910ರಲ್ಲಿ ಹುಟ್ಟಿದ ವಿದ್ಯಾರ್ಥಿ ಸಮಾಜಕ್ಕೆ 1929ರಿಂದ ತನ್ನದೇ ಆದ, ಕೆಂಪು ಬಣ್ಣದ ದುಂಡನೆಯ ಕಟ್ಟಡವಿದೆ. ಶನಿವಾರದ ಸಭೆ ಅಲ್ಲಿನ ಹಳೆಯ ರೂಢಿ. ಕೆಲಸಗಳನ್ನು ಹೆಚ್ಚಾಗಿ ವಿದ್ಯಾರ್ಥಿಗಳೇ ಸಂಬಳವಿಲ್ಲದೆ ಮಾಡುತ್ತಾರೆ. ಹೊಸದಾಗಿ ಬಂದವರಿಗೆ ಸ್ನೇಹ ಸಿಗುವುದು ಇಂಥ ಮನೆಗಳಲ್ಲಿ. ಆದರೆ ಅಲ್ಲೂ ಬಿಡುವು ತಾನಾಗಿ ಬರಲಿಲ್ಲ. ನಾರ್ವೆಯಲ್ಲಿ ದಿನಕ್ಕೆ ಎಂಟು ಗಂಟೆ ದುಡಿಮೆ ಎಂಬುದು ಕಾನೂನಾದದ್ದು 1919ರಲ್ಲಿ, ಕಾರ್ಮಿಕರು ಹೋರಾಡಿದ ಮೇಲೆ.

ಈ ಚರಿತ್ರೆಯನ್ನು ಈಗ ನೆನೆಯಲು ಕಾರಣವಿದೆ. ಪುಣೆ ಕಡೆಯ ನಮ್ಮ ಕನ್ನಡ ಕೂಟಗಳು ಹೆಚ್ಚುಕಡಿಮೆ ಎಲ್ಲವೂ ಶನಿವಾರ, ಭಾನುವಾರ ನಡೆಯುತ್ತವೆ. ಐಟಿಯವರಿಗೆ, ವಿದ್ಯಾರ್ಥಿಗಳಿಗೆ ಅದು ಸರಿ. ಆದರೆ ಪಿಂಪ್ರಿ, ಚಿಂಚವಡ, ಭೋಸರಿಯ ಅನೇಕ ಕಾರ್ಖಾನೆಗಳಿಗೆ ರಜೆ ಗುರುವಾರ. ವಿದ್ಯುತ್ ಹಂಚಿಕೆಗಾಗಿ ಶುರುವಾದ ಏರ್ಪಾಡು ಹಾಗೇ ರೂಢಿಯಾಗಿದೆ. ಉಡುಪಿ ಹೋಟೆಲಿನ ಕುಂದಾಪುರದ ಹುಡುಗರಿಗಂತೂ ಭಾನುವಾರವೇ ಹೆಚ್ಚು ಕೆಲಸ. ನಾವು ಸಭೆ ಮುಗಿಸಿ ಗುಂಪಾಗಿ ದೋಸೆ ತಿನ್ನಲು ಹೋದಾಗ ಬಡಿಸುವವರು ಅವರೇ. ಕನ್ನಡದಲ್ಲೇ ಮಾತಾಡಿಸುತ್ತಾರೆ, ನಮ್ಮ ನಾಟಕ ಮಾತ್ರ ನೋಡಿರುವುದಿಲ್ಲ.

ಗಿರಣಿಯವರು ಹೋರಾಡಿ ಪಡೆದ ದಿನ ಇಂದು ಮೇಜಿನ ಮುಂದೆ ಕೂತು ದುಡಿಯುವ ನಮಗೆ ಸಲೀಸಾಗಿ ದಕ್ಕಿದೆ. ಕೈಯಿಂದ ದುಡಿಯುವ ಎಷ್ಟೋ ಜನ ಅದರ ಹೊರಗಿದ್ದಾರೆ. ಅದನ್ನು ಸರಿಪಡಿಸುವುದು ನಮ್ಮ ಕೂಟಗಳಿಂದ ಆಗುವ ಕೆಲಸವಲ್ಲ. ಆದರೆ ತಿಂಗಳಿಗೆ ಒಂದು ಕಾರ್ಯಕ್ರಮವನ್ನು ಗುರುವಾರ ಸಂಜೆ ಇಡಬಹುದು. ವರ್ಷಕ್ಕೊಂದು ನಾಟಕವನ್ನು ಹೋಟೆಲು ಮುಚ್ಚಿದ ಮೇಲೆ, ರಾತ್ರಿ ಹನ್ನೊಂದಕ್ಕೆ ಶುರುಮಾಡಬಹುದು. ಯಕ್ಷಗಾನ ನೋಡಿ ಬೆಳೆದವರಿಗೆ ರಾತ್ರಿ ಎಚ್ಚರವಿರುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.