ಮೂರು ವಿಷಕ್ಕೆ ಒಂದೇ ಹೆಸರು



ತೋಟಕ್ಕೆ ಸಿಂಪಡಿಸುವ ಎಲ್ಲದಕ್ಕೂ ನಾವು ಒಂದೇ ಹೆಸರಿಟ್ಟಿದ್ದೇವೆ. ಕನ್ನಡದಲ್ಲಿ 'ಮದ್ದು', ತುಳುವಿನಲ್ಲಿ 'ಮರ್ದ್', ಮಲಯಾಳದಲ್ಲಿ 'ಮರುನ್ನ್'. ಈ ಹೆಸರಿನ ಮರೆಯಲ್ಲಿ ಕಾಸರಗೋಡಿಗೆ ಮೂರು ಬಗೆಯ ವಸ್ತುಗಳು ಬಂದವು.

ಮೊದಲನೆಯದು ಅಡಿಕೆಯ ಮಹಾಳಿಗೆ ಬಿಡುವ ಬೋರ್ಡೋ ದ್ರಾವಣ. ಮೈಲುತುತ್ತು, ಸುಣ್ಣಗಳ ಈ ಮಿಶ್ರಣ 1880ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಹುಟ್ಟಿತು. ಇದರ ಗುರಿ ಬೂಷ್ಟು.

ಎರಡನೆಯದು ಎಂಡೋಸಲ್ಫಾನ್, ಕೀಟದ ನರಕ್ಕೆ ತಾಗುವ ವಿಷ. 1970ರ ದಶಕದ ಕೊನೆಯಿಂದ 2000ದ ವರೆಗೆ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ ಇದನ್ನು ಹೆಲಿಕಾಪ್ಟರಿನಿಂದ ಸುರಿದರು. ಎಣ್ಮಕಜೆಯ ಪಡ್ರೆಯಂಥ ಊರುಗಳು ತೆತ್ತ ಬೆಲೆ ತಮಗೆ ಗೊತ್ತೇ ಇದೆ. 2011ರ ಮೇ 13ರಂದು ಸುಪ್ರೀಂ ಕೋರ್ಟು ಇದನ್ನು ದೇಶದಾದ್ಯಂತ ತಡೆಯಿತು.

ಮೂರನೆಯದು ಕಳೆನಾಶಕ. ಇದು ಎಂಡೋಸಲ್ಫಾನಿನ ಜಾತಿಯದಲ್ಲ. ಇದರಲ್ಲಿ ಕೆಲವು ನೇರವಾಗಿ ಎಲೆಯ ಅಡುಗೆಮನೆಗೇ ನುಗ್ಗುತ್ತವೆ.

ಹಸಿರೆಲೆ ಕೆಲಸ ಮಾಡಲು ಬೆಳಕು ಬೇಕೆಂದು 1779ರಲ್ಲಿ ಇಂಗನ್‌ಹೌಸ್ ಎಂಬ ವಿಜ್ಞಾನಿ ತೋರಿಸಿಕೊಟ್ಟರು. ಬಿಸಿಲು ತಾಗಿದಾಗ ಎಲೆಯ ಹಸಿರಿನಿಂದ ಇಲೆಕ್ಟ್ರಾನು ಎಂಬ ಕಣ ಹೊರಡುತ್ತದೆ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಅಲ್ಲಿನ ಮಾತಿನಲ್ಲೇ ಹೇಳುವುದಾದರೆ, ಅದು ಚೆಕ್ಕಿನಂತೆ ಕೌಂಟರಿನಿಂದ ಕೌಂಟರಿಗೆ ಕೈಬದಲಾಗುತ್ತ ಹೋಗುತ್ತದೆ. ಅದರ ಬಲದಿಂದಲೇ ಗಿಡಕ್ಕೆ ಸಕ್ಕರೆ ತಯಾರಾಗುವುದು.

1958ರಲ್ಲಿ ಬಂದ ಅಟ್ರಾಜಿನ್, ಕಣವನ್ನು ಒಯ್ಯುವವನ ಕುರ್ಚಿಯಲ್ಲಿ ತಾನೇ ಕೂತುಬಿಡುತ್ತದೆ. ಸಾಲು ಅಲ್ಲೇ ನಿಲ್ಲುತ್ತದೆ. ದಾರಿ ಕಾಣದ ಬೆಳಕಿನ ಶಕ್ತಿ ಎಲೆಯನ್ನೇ ಸುಡುತ್ತದೆ.

1962ರಲ್ಲಿ ಮಾರುಕಟ್ಟೆಗೆ ಬಂದ ಪ್ಯಾರಾಕ್ವಾಟ್ ಕೊನೆಯ ಕೌಂಟರಿನ ಕಳ್ಳ. ಕಣವನ್ನು ಕದ್ದು ಆಮ್ಲಜನಕದ ಕೈಗೆ ಕೊಡುತ್ತದೆ. ಆಗ ಹುಟ್ಟುವ ಉಗ್ರ ಆಮ್ಲಜನಕ ಜೀವಕೋಶದ ಪೊರೆಯನ್ನು ಹರಿಯುತ್ತದೆ. ಒಳ್ಳೆಯ ಬಿಸಿಲಿದ್ದರೆ ಒಂದೇ ದಿನದಲ್ಲಿ ಹುಲ್ಲು ಕರಟುವುದು ಇದರಿಂದ.

ಗಿಡಕ್ಕಲ್ಲವೇ, ನಮಗೇನು ಎನ್ನಬೇಡಿ. ಪ್ಯಾರಾಕ್ವಾಟ್ ಹೊಟ್ಟೆಗೆ ಹೋದರೆ ಮನುಷ್ಯನ ಶ್ವಾಸಕೋಶದಲ್ಲೂ ಇದೇ ಕಳ್ಳತನ ನಡೆಸುತ್ತದೆ. ಒಂದು ಗುಟುಕು ಪ್ರಾಣ ತೆಗೆದೀತು, ಅದಕ್ಕೆ ಪ್ರತಿವಿಷವಿಲ್ಲ. ಕೇರಳ ಸರಕಾರ 2011ರಲ್ಲಿ ನಿಷೇಧಿಸಿದ ವಿಷಗಳಲ್ಲಿ ಪ್ಯಾರಾಕ್ವಾಟ್, ಅಟ್ರಾಜಿನ್ ಎರಡೂ ಇದ್ದವು. ಆದರೆ ಕೇರಳದ ಆಜ್ಞೆ ತಲಪಾಡಿ ಗೇಟಿನ ಆಚೆಗೆ ನಡೆಯದು. ಕಾನೂನಿಗೆ ಗಡಿಯಿದೆ, ವಿಷಕ್ಕಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನದೊಂದು ವಿನಂತಿ. ಅಂಗಡಿಯಲ್ಲಿ 'ಹುಲ್ಲಿನ ಮದ್ದು ಕೊಡಿ' ಎಂದು ಕೇಳಬೇಡಿ. ಬಾಟಲಿಯ ಮೇಲಿನ ರಾಸಾಯನಿಕದ ಹೆಸರನ್ನು ಮಕ್ಕಳಿಂದಾದರೂ ಓದಿಸಿ. ಪಾನೀಯದ ಖಾಲಿ ಸೀಸೆಗೆ ಅದನ್ನು ಸುರಿದಿಡಬೇಡಿ. ಮದ್ದೆಂದು ಕರೆದ ಮಾತ್ರಕ್ಕೆ ಅದು ಯಾರನ್ನೂ ಗುಣಪಡಿಸದು.