ಪದವಿಪೂರ್ವ ಹಂತದ ನೃತ್ಯ ಶಿಕ್ಷಣ: ಪರೀಕ್ಷೆ ಏನನ್ನು ಕೇಳುತ್ತದೆ?

ಹತ್ತನೇ ತರಗತಿ ಮುಗಿಸಿ ನೃತ್ಯವನ್ನೇ ಒಂದು ವಿಷಯವಾಗಿ ಓದಬೇಕೆನ್ನುವ ಹುಡುಗಿಗೆ ಕರ್ನಾಟಕದ ಪಿಯು ಪಠ್ಯಕ್ರಮದಲ್ಲಿ ಜಾಗವಿಲ್ಲ. ಕರ್ನಾಟಕ ಸಂಗೀತ, ಹಿಂದೂಸ್ತಾನಿ ಸಂಗೀತ ಎರಡೂ ಐಚ್ಛಿಕ ವಿಷಯಗಳ ಪಟ್ಟಿಯಲ್ಲಿವೆ, ನೃತ್ಯ ಇಲ್ಲ. ಮೈಸೂರು ವಿಶ್ವವಿದ್ಯಾನಿಲಯವಾದರೋ 1965ರಲ್ಲೇ ನೃತ್ಯ ವಿಭಾಗ ತೆರೆದು, ಜಟ್ಟಿ ತಾಯಮ್ಮನವರ ಶಿಷ್ಯೆ ಕೆ. ವೆಂಕಟಲಕ್ಷಮ್ಮನವರನ್ನು ರೀಡರ್ ಹುದ್ದೆಗೆ ಕರೆತಂದಿತ್ತು. ಪದವಿಗೆ ಸಲ್ಲುವ ವಿದ್ಯೆ ಪದವಿಪೂರ್ವಕ್ಕೆ ಸಲ್ಲದೇ ಉಳಿದಿರುವುದಕ್ಕೆ ಶೈಕ್ಷಣಿಕ ಕಾರಣ ಕಾಣುವುದಿಲ್ಲ.

ಈ ತೆರಪನ್ನು ಇಷ್ಟು ಕಾಲ ತುಂಬಿರುವುದು ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳು. ಹಗಲು ವಿಜ್ಞಾನವನ್ನೋ ವಾಣಿಜ್ಯವನ್ನೋ ಓದುವ ಮಕ್ಕಳು ಸಂಜೆ ಗುರುಗಳ ಬಳಿ ಕಲಿತು ಸೀನಿಯರ್ ಕಟ್ಟುತ್ತಾರೆ. ಆ ಅಂಕ ಪಿಯು ಅಂಕಪಟ್ಟಿಗೆ ಸೇರುವುದಿಲ್ಲ. ದ್ವಿತೀಯ ಪಿಯು ಬಂದೊಡನೆ ಎಷ್ಟೋ ಮಕ್ಕಳು ನೃತ್ಯ ತರಗತಿ ಬಿಡುವುದಕ್ಕೆ ಇದೂ ಒಂದು ಕಾರಣವೆಂದು ನನ್ನ ಅಭಿಪ್ರಾಯ.

ಸಿಬಿಎಸ್‌ಇ ಇಲ್ಲಿ ಮುಂದಿದೆ. 11 ಮತ್ತು 12ನೇ ತರಗತಿಗಳಲ್ಲಿ ಕಥಕ್, ಭರತನಾಟ್ಯ, ಕೂಚಿಪುಡಿ, ಒಡಿಸ್ಸಿ, ಮಣಿಪುರಿ, ಕಥಕಳಿಗಳನ್ನು ಪೂರ್ಣ ಪ್ರಮಾಣದ ವಿಷಯಗಳನ್ನಾಗಿ ಮಾಡಿದೆ. ಶಾಸ್ತ್ರಕ್ಕೆ 30, ಪ್ರಯೋಗಕ್ಕೆ 70 ಅಂಕ. ಈ ಹಂಚಿಕೆ ಸರಿಯಾದದ್ದೇ. ತಟ್ಟಡವನ್ನು ಮೂರು ಕಾಲದಲ್ಲಿ ಮಾಡಿಸಿದರೆ ಸಾಕು, ಕಲಿಕೆಯ ಆಳ ತಿಳಿಯುತ್ತದೆ: ಮೊದಲ ಕಾಲದಲ್ಲಿ ಸರಿಯಾಗಿ ಕೂತ ಅರಮಂಡಿ ಮೂರನೇ ಕಾಲಕ್ಕೆ ಮೆಲ್ಲಗೆ ಮೇಲೇಳುತ್ತದೆ, ಅಂಗಾಲಿನ ಸದ್ದು ಮಂಕಾಗುತ್ತದೆ. ಅದೇ ಸೊಲ್ಲುಕಟ್ಟನ್ನು ಕುಳಿತು, ಕೈಯಲ್ಲಿ ತಾಳ ಹಾಕಿ ಹೇಳಿಸಿದಾಗ ಕೆಲವರು ತಡವರಿಸುತ್ತಾರೆ. ಕಾಲಿಗೆ ಗೊತ್ತಿದ್ದ ಲೆಕ್ಕ ಬುದ್ಧಿಗೆ ಇಳಿದಿಲ್ಲವೆಂದು ಅಲ್ಲೇ ಗೊತ್ತಾಗುತ್ತದೆ. ಬರಹದ ಪರೀಕ್ಷೆ ಇದನ್ನು ಹಿಡಿಯಲಾರದು.

ಆದರೂ ಇವೆಲ್ಲ ಬಹುಪಾಲು ಗುರು ಕಲಿಸಿದ್ದನ್ನು ಒಪ್ಪಿಸುವ ಪರೀಕ್ಷೆಗಳು. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ರಾಜ್ಯದ ಎಚ್‌ಎಸ್‌ಸಿ ನೃತ್ಯ ಪಠ್ಯಕ್ರಮ ಬೇರೆ ದಾರಿ ಹಿಡಿದಿದೆ. ಪ್ರದರ್ಶನ, ಸಂಯೋಜನೆ, ರಸಗ್ರಹಣಕ್ಕೆ ತಲಾ 20 ಅಂಕ. ವಿದ್ಯಾರ್ಥಿ ಆರಿಸಿಕೊಂಡ ವಿಶೇಷ ಅಧ್ಯಯನಕ್ಕೆ 40. ಸಂಯೋಜನೆಯಲ್ಲಿ ವಿದ್ಯಾರ್ಥಿ ತಾನು ಕಟ್ಟಿದ ಏಕವ್ಯಕ್ತಿ ನೃತ್ಯವನ್ನು ಬೇರೊಬ್ಬರಿಗೆ ಕಲಿಸಿ ಆಡಿಸಬೇಕು. ತನ್ನ ದೇಹದ ಅನುಕೂಲ ಅಲ್ಲಿ ನೆರವಿಗೆ ಬರುವುದಿಲ್ಲ, ರಚನೆಯೇ ನಿಲ್ಲಬೇಕು.

ಅಡವು ಕೂರದ ವಯಸ್ಸಿನಲ್ಲಿ ರಚನೆಯ ಮಾತೇಕೆ ಎಂದು ಹಿರಿಯ ಗುರುಗಳು ಕೇಳಬಹುದು. ಅದು ಯೋಗ್ಯವಾದ ಪ್ರಶ್ನೆ. ಆದರೆ ಮೈಸೂರು ಬಾನಿಯ ಹೆಸರು ನಿಂತಿರುವುದೇ ಅಭಿನಯದ ಮೇಲೆ, ಒಂದೇ ಸಾಲನ್ನು ಬಗೆಬಗೆಯ ಸಂಚಾರಿಗಳಿಂದ ವಿಸ್ತರಿಸುವ ಮನೋಧರ್ಮದ ಮೇಲೆ. ಹಾಗಾಗಿ ವಿದ್ಯಾರ್ಥಿಯ ಸ್ವಂತ ಕಲ್ಪನೆಗೆ ಅಂಕ ಕೊಡುವುದು ನಮ್ಮ ಸಂಪ್ರದಾಯಕ್ಕೆ ಹೊರಗಿನದಲ್ಲ. ನಾಲ್ಕು ಆವರ್ತದ ಒಂದು ಜತಿ ಅಥವಾ ಪದದ ಒಂದು ಸಾಲಿಗೆ ಎರಡು ಸಂಚಾರಿ, ಅಷ್ಟನ್ನು ಕೇಳಿದರೆ ಸಾಕು.

ಪಿಯು ಐಚ್ಛಿಕ ವಿಷಯಗಳ ಪಟ್ಟಿಗೆ ನೃತ್ಯವನ್ನು ಸೇರಿಸಬೇಕು. ಸೇರಿಸುವಾಗ ಪ್ರಯೋಗದ ಅಂಕಗಳಲ್ಲಿ ಒಂದು ಪಾಲನ್ನು ವಿದ್ಯಾರ್ಥಿಯ ಸ್ವಂತ ರಚನೆಗೆ ಮೀಸಲಿಡಬೇಕೆಂದು ಪಠ್ಯಕ್ರಮ ರೂಪಿಸುವವರಲ್ಲಿ ನನ್ನ ವಿನಂತಿ.